ಗರಸು ನೆಲ, ಕೋತಿ ಕಾಟ: ಇಡೀ ಸೈಟು ಬೇಡ, ಹತ್ತಡಿ ಸಾಕು

ಪ್ರಶ್ನೆ: ನಮ್ಮದು ಕೋಲಾರದ ಹೊರಗೆ, ಅಂತರಗಂಗೆ ಬೆಟ್ಟದ ಕಡೆಯ ಹೊಸ ಲೇಔಟ್. 40×60 ಸೈಟಿನಲ್ಲಿ ಮನೆ ಕಟ್ಟಿ ಉಳಿದದ್ದು ಸುಮಾರು ಸಾವಿರ ಚದರಡಿ. ಅಗೆದರೆ ಬರೀ ಗರಸು, ಜಲ್ಲಿ. ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸಿ ಟೊಮೆಟೊ, ಬದನೆ, ಅವರೆ, ಪಪ್ಪಾಯ ಹಾಕಿದೆವು. ಗಿಡಗಳು ಮೊಳದುದ್ದ ಬಂದು ಹಳದಿಯಾಗಿ ನಿಂತುಬಿಟ್ಟವು. ಬಿಟ್ಟ ನಾಲ್ಕು ಕಾಯಿಯನ್ನೂ ಕೋತಿಗಳು ಕಿತ್ತವು. ಸಸಿಗಳನ್ನು ನವಿಲು ಕುಕ್ಕುತ್ತದೆ, ರಾತ್ರಿ ಹೆಗ್ಗಣ ತೋಡುತ್ತದೆ. ಇನ್ನೂ ಎರಡು ಲೋಡ್ ಮಣ್ಣು ಹಾಕಿಸಬೇಕೇ? ಕೋತಿ ಬಾರದಂತೆ ಸಿಂಪಡಿಸುವ ಔಷಧಿ ಇದೆಯೇ? ನಾನು ನಿವೃತ್ತ ಶಿಕ್ಷಕಿ. ಮನೆಯಲ್ಲಿ ನಾವಿಬ್ಬರೇ.

ಉತ್ತರ: ಮೇಡಂ, ಮಣ್ಣಿನ ಲೋಡೂ ಬೇಡ, ಔಷಧಿಯೂ ಬೇಡ. ಆ ದುಡ್ಡನ್ನೆಲ್ಲ ಒಂದೇ ಕಡೆ ಹಾಕಿ. ನಿಮ್ಮ ಸಾವಿರ ಚದರಡಿಯಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಜಾಗ ಆರಿಸಿಕೊಳ್ಳಿ. ಅಷ್ಟಕ್ಕೆ ಮಾತ್ರ ಒಳ್ಳೆಯ ಮಣ್ಣು ಮಾಡಿ. ಅಷ್ಟನ್ನು ಮಾತ್ರ ಸುತ್ತಲೂ ಮೇಲೂ ಜಾಲರಿ ಹಾಕಿ ಮುಚ್ಚಿ. ಉಳಿದ ಜಾಗದಲ್ಲಿ ಗರಸಿನಲ್ಲೂ ಬದುಕುವ, ಕೋತಿಗೆ ಅಷ್ಟಾಗಿ ರುಚಿಸದ ಗಿಡಗಳನ್ನು ಹಾಕಿ. ಇಬ್ಬರ ಅಡುಗೆಯ ಸೊಪ್ಪು, ಸ್ವಲ್ಪ ಕಾಯಿಗೆ ನೂರು ಚದರಡಿ ಧಾರಾಳ.

ಬೆಟ್ಟದ ಬುಡದಲ್ಲಿ ಮನೆ ಕಟ್ಟಿಕೊಂಡವರು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತಾರೆ. ಇಡೀ ಸೈಟಿಗೆ ತೆಳುವಾಗಿ ಗೊಬ್ಬರ, ಇಡೀ ಕಾಂಪೌಂಡಿಗೆ ತೆಳುವಾಗಿ ಬಲೆ. ಯಾವುದೂ ಸಾಲುವುದಿಲ್ಲ.

ಮೊದಲು ಮಣ್ಣಿನ ವಿಷಯ. ನೀವು ತರಿಸಿದ ಮಣ್ಣು ನೋಡಲು ಚೆನ್ನಾಗಿ ಕೆಂಪಗೆ ಇದ್ದಿರಬೇಕು, ಅಲ್ವಾ? ಆ ಬಣ್ಣ ಕಬ್ಬಿಣದ ಆಕ್ಸೈಡಿನದು. ಫಲವತ್ತತೆಗೂ ಅದಕ್ಕೂ ಸಂಬಂಧ ಕಡಿಮೆ. ಮಾರಾಟಕ್ಕೆ ಬರುವ ಕೆಂಪು ಮಣ್ಣು ಹೆಚ್ಚಾಗಿ ದಿಣ್ಣೆ ಕಡಿದಾಗ ಅಥವಾ ಪಾಯ ತೆಗೆದಾಗ ಬಂದ ಒಳಮಣ್ಣು. ಗಿಡಕ್ಕೆ ಬೇಕಾದ ಜೀವವೆಲ್ಲ ಇರುವುದು ಮೇಲಿನ ಅರ್ಧ ಅಡಿಯಲ್ಲಿ. ಅದು ನಿಮ್ಮ ಸೈಟಿನಲ್ಲೂ ಇತ್ತು. ಲೇಔಟ್ ಸಮ ಮಾಡುವಾಗ ಜೆಸಿಬಿ ಅದನ್ನು ಕೆರೆದು ಎಲ್ಲೋ ಹಾಕಿರುತ್ತದೆ. ಹಾಗಾಗಿ ಒಳಮಣ್ಣಿನ ಮೇಲೆ ಇನ್ನೊಂದು ಒಳಮಣ್ಣು ಬಿದ್ದಿದೆ, ಅಷ್ಟೇ.

ನಮ್ಮ ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಎಂದು ಬರೆಯುತ್ತಾರೆ. ಇಂಥ ಮಣ್ಣಿಗೆ ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟುತ್ತದೆ. ಒಣಗಿದರೆ ಕಲ್ಲಾಗುತ್ತದೆ. ಬೀಜ ಮೊಳೆತರೂ ಮೇಲೆ ಏಳಲು ಒದ್ದಾಡುತ್ತದೆ.

ಗಿಡ ಹಳದಿಯಾಗಿದೆ ಎಂದಿರಿ. ಯಾವ ಎಲೆ ಎಂಬುದು ಮುಖ್ಯ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಗೊಬ್ಬರ ಕೊಟ್ಟರೆ ಸರಿಹೋಗುತ್ತದೆ. ತುದಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೆಂಪು ಮಣ್ಣಿನಲ್ಲಿ ಕಬ್ಬಿಣ ತುಂಬಿರುವಾಗ ಕೊರತೆ ಹೇಗೆ ಎನ್ನಬಹುದು. ಮಣ್ಣಿನಲ್ಲಿದ್ದರೂ ಗಿಡಕ್ಕೆ ಎಟುಕುವುದಿಲ್ಲ. ಹೊಸ ಮನೆಯ ಸುತ್ತ ಸಿಮೆಂಟು, ಗಾರೆ, ಸುಣ್ಣದ ಚೂರು ಬೆರೆತಿರುತ್ತವೆ. ಬೋರ್‌ವೆಲ್‌ನ ಗಡಸು ನೀರು ದಿನಾ ಸ್ವಲ್ಪ ಸ್ವಲ್ಪ ಸುಣ್ಣ ಸೇರಿಸುತ್ತದೆ. ಎರಡೂ ಸೇರಿ ಮಣ್ಣು ಕ್ಷಾರವಾಗುತ್ತದೆ, ಕಬ್ಬಿಣ ಕರಗದೆ ಕೂತುಬಿಡುತ್ತದೆ. ಒಂದು ಹಿಡಿ ಒಣ ಮಣ್ಣಿನ ಮೇಲೆ ಅಡುಗೆಮನೆಯ ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಆಗ ಗೋಡೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಮಡಿ ಮಾಡಿ. ಕೈಗೆ ಸಿಕ್ಕ ಗಾರೆ ಚೂರನ್ನೆಲ್ಲ ಆರಿಸಿ ಹೊರಗೆ ಹಾಕಿ. ಸದ್ಯದ ಉಪಶಮನಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ 'ಅರ್ಕಾ ವೆಜಿಟೇಬಲ್ ಸ್ಪೆಷಲ್' ಪುಡಿ ಸಿಗುತ್ತದೆ. ಪೊಟ್ಟಣದ ಅಳತೆಯಂತೆ, ನಿಂಬೆರಸ ಮತ್ತು ಚೂರು ಶಾಂಪೂ ಬೆರೆಸಿದ ನೀರಿನಲ್ಲಿ ಕಲಸಿ ಎಲೆಗೆ ಸಿಂಪಡಿಸಿ. ಅದು ಎಲೆಗೆ ಮಾತ್ರ. ಬೇರಿಗೆ ಮಣ್ಣೇ ಸರಿಯಾಗಬೇಕು.

ಈಗ ಆ ಹತ್ತಡಿ ಜಾಗ. ದಿನಕ್ಕೆ ಕನಿಷ್ಠ ಐದಾರು ಗಂಟೆ ಬಿಸಿಲು ಬೀಳುವ ಕಡೆ ಇರಲಿ. ಒಂದು ಅಡಿ ಆಳ ತೆಗೆಸಿ, ಅದರ ಕೆಳಗೆ ಇನ್ನರ್ಧ ಅಡಿಯನ್ನು ಹಾರೆ, ಪಿಕಾಸಿಯಲ್ಲಿ ಸಡಿಲ ಮಾಡಿಸಿ. ಅಗೆದ ಮಣ್ಣನ್ನು ಜರಡಿ ಹಿಡಿಯಿರಿ. ನಿಂಬೆಗಾತ್ರಕ್ಕಿಂತ ದೊಡ್ಡ ಕಲ್ಲು ಹೊರಗೆ, ಸಣ್ಣ ಜಲ್ಲಿ ಇದ್ದರೆ ಇರಲಿ. ನೂರು ಘನ ಅಡಿಯ ಗುಂಡಿ ಇದು. ಅರ್ಧಕ್ಕೆ ಅದೇ ಜರಡಿ ಹಿಡಿದ ಮಣ್ಣು, ಕಾಲು ಭಾಗ ಕೆರೆಗೋಡು (ಕೆರೆಯ ಹೂಳು), ಕಾಲು ಭಾಗ ಚೆನ್ನಾಗಿ ಕಳಿತ ಗೊಬ್ಬರ. ಅಂದರೆ ಗೋಡು ಸುಮಾರು ಇಪ್ಪತ್ತು ಸಿಮೆಂಟ್ ಚೀಲ, ಗೊಬ್ಬರ ಇಪ್ಪತ್ತು ಚೀಲ. ಒಂದು ಟೆಂಪೋದಲ್ಲಿ ಮುಗಿಯುವ ಕೆಲಸ.

ಕೋಲಾರ ಕೆರೆಗಳ ಜಿಲ್ಲೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ಗರಸಿಗೆ ಇದರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಗರಸು ನೀರನ್ನು ಹಿಡಿಯುವುದಿಲ್ಲ, ಗೋಡು ಬಿಡುವುದಿಲ್ಲ. ಆದರೆ ಊರಿನ ಚರಂಡಿ ಸೇರುವ ಕೆರೆಯದು ಬೇಡ. ಒಣಗಿದಾಗ ಮೇಲೆ ಬಿಳಿ ಉಪ್ಪು ಎದ್ದಿರುವ ಚೌಳು ಗೋಡೂ ಬೇಡ. ತಂದದ್ದನ್ನು ಹೆಂಟೆ ಒಡೆದು ಒಂದು ವಾರ ಬಿಸಿಲಿಗೆ ಒಣಗಿಸಿ ಆಮೇಲೆ ಬೆರೆಸಿ. ಹಸಿಯಾಗಿ ಹಾಕಿದರೆ ಉಂಡೆಯಾಗಿಯೇ ಉಳಿಯುತ್ತದೆ.

ಗೊಬ್ಬರಕ್ಕೆ ದನದ್ದು, ಕುರಿಯದ್ದು ಎರಡೂ ಆದೀತು. ನಿಮ್ಮ ಕಡೆ ಇನ್ನೊಂದು ಸಿಗುತ್ತದೆ. ಸುತ್ತಲ ಹಳ್ಳಿಗಳಲ್ಲಿ ರೇಷ್ಮೆ ಸಾಕುವವರನ್ನು ಕೇಳಿ. ಹುಳುವಿನ ಹಿಕ್ಕೆ, ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ರಾಶಿ ಬಿದ್ದಿರುತ್ತದೆ. ಸಾರಜನಕ ತುಂಬಿದ ಸರಕು. ಅದನ್ನು ನೇರವಾಗಿ ಮಡಿಗೆ ಸುರಿಯಬೇಡಿ. ಹಾಸಿಗೆಗೆ ಎರಚಿದ ಸುಣ್ಣ, ಸೋಂಕುನಾಶಕ ಪುಡಿ ಅದರಲ್ಲಿರುತ್ತದೆ. ಸಗಣಿ ನೀರು ಚಿಮುಕಿಸಿ, ಮಧ್ಯೆ ಒಂದೆರಡು ಸಲ ತಿರುವಿ ಹಾಕುತ್ತಾ ಮೂರು ತಿಂಗಳು ಕೊಳೆಯಲು ಬಿಡಿ. ಸಗಣಿ ಗೊಬ್ಬರವೂ ಅಷ್ಟೇ, ಕೈಯಲ್ಲಿ ಹಿಡಿದರೆ ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ ಬರುತ್ತದೆ. ಜೊತೆಗೆ ಎರಡು ಕೆಜಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ ಬೆರೆಸಿ.

ಹಿಂಡಿಯ ಮಾತು ಬಂತು, ಇಲ್ಲೇ ಒಂದು ಸೂಕ್ಷ್ಮ ಇದೆ. ಮಣ್ಣಿಗೆ ನಾವು ಕೊಡುವ ಆಹಾರವೇ ಎಷ್ಟೋ ಸಲ ಪ್ರಾಣಿಗಳನ್ನು ಕರೆಯುತ್ತದೆ. ಕಡಲೆಕಾಯಿ ಹಿಂಡಿ ಗಿಡಕ್ಕೆ ಅಮೃತ. ಹೆಗ್ಗಣಕ್ಕೂ ಅಮೃತ. ಬುಡದಲ್ಲಿ ಹೂತ ಹಿಂಡಿಗಾಗಿ ರಾತ್ರಿಯಿಡೀ ತೋಡುತ್ತದೆ, ಗಿಡ ಬೀಳುವುದು ಬರೀ ಕಾಕತಾಳೀಯ. ಮೂಳೆ ಪುಡಿ ಹಾಕಿದರೆ ನಾಯಿ ಕೆದಕುತ್ತದೆ. ಬಾಳೆಹಣ್ಣಿನ ಸಿಪ್ಪೆ, ಮಾವಿನ ಓಟೆ ಹಾಕಿದ ತೆರೆದ ಕಾಂಪೋಸ್ಟ್ ಗುಂಡಿ ಇದ್ದರಂತೂ ಕೋತಿ ಮೊದಲು ಬರುವುದೇ ಅಲ್ಲಿಗೆ, ತೋಟ ಆಮೇಲೆ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಹಿಂಡಿ ಕಹಿಯದ್ದೇ ಇರಲಿ. ಅಡುಗೆಮನೆ ಕಸ ಭದ್ರ ಮುಚ್ಚಳದ ಡ್ರಮ್ಮಿಗೆ ಹೋಗಲಿ. ಡ್ರಮ್ಮಿನ ತಳಕ್ಕೆ ಅರ್ಧ ಇಂಚಿನ ಜಾಲರಿ, ಮೇಲೆ ಒಂದು ಸೈಜುಗಲ್ಲು. ಬಿದ್ದ ಹಣ್ಣನ್ನು ಸಂಜೆಗೇ ಎತ್ತಿ.

ಮಡಿಯನ್ನು ನೆಲಕ್ಕಿಂತ ಎತ್ತರ ಮಾಡಬೇಡಿ. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಹಲಗೆ ಹೊಡೆದು ಎತ್ತರಿಸಿದ ಮಡಿಗಳು ಚೆಂದ ಕಾಣುತ್ತವೆ. ಅವು ಮಳೆ ಜಾಸ್ತಿ ಇರುವ ಊರಿಗೆ. ಕೋಲಾರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎತ್ತರದ ಮಡಿ ಇಲ್ಲಿ ಬೇಗ ಒಣಗುತ್ತದೆ. ಸುತ್ತಲ ನೆಲಕ್ಕಿಂತ ಮೂರು ನಾಲ್ಕು ಇಂಚು ತಗ್ಗಿನಲ್ಲೇ ಮಡಿ ನಿಲ್ಲಿಸಿ, ಅಂಚಿಗೆ ಬದು ಕಟ್ಟಿ. ಸುರಿದ ನೀರು ಅಲ್ಲೇ ಇಂಗುತ್ತದೆ. ಅಗೆಯುವಾಗ ಕೆಳಗೆ ಬಂಡೆಯೇ ಸಿಕ್ಕಿದರೆ ಮಾತ್ರ ಎತ್ತರಿಸಬೇಕಾದೀತು.

ಮೇಲೆ ಎರಡು ಇಂಚು ದಪ್ಪ ಹೊದಿಕೆ ಹಾಕಿ. ರಾಗಿ ಹುಲ್ಲು, ಕಡಲೆಕಾಯಿ ಸಿಪ್ಪೆ, ಹೊಂಗೆ ಎಲೆ, ಯಾವುದಾದರೂ ಸರಿ. ಗೆದ್ದಲು ಬರುತ್ತದೆ ಎಂದು ಹೆದರಬೇಡಿ. ಅದು ಮುಖ್ಯವಾಗಿ ತಿನ್ನುವುದು ಒಣ ಹುಲ್ಲನ್ನು. ಗಿಡದ ಬುಡದಿಂದ ನಾಲ್ಕು ಬೆರಳು ಬಿಟ್ಟು ಹೊದಿಸಿ, ಒದ್ದೆ ಇರಲಿ. ಮೊದಲ ಬೆಳೆಯಾಗಿ ಅಪ್ಸೆಣಬು ಅಥವಾ ಹುರುಳಿ ಚೆಲ್ಲಿ ಎಂದು ನನ್ನ ಸಲಹೆ. ಹೂ ಬರುವ ಹೊತ್ತಿಗೆ, ಸುಮಾರು ಒಂದೂವರೆ ತಿಂಗಳಿಗೆ, ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ತರಕಾರಿ ಬೇಗ ಬೇಕು ಎಂದು ಇದನ್ನು ಬಿಡುವವರೇ ಜಾಸ್ತಿ. ಆದರೆ ಗರಸು ಮಣ್ಣಾಗುವುದು ಇಂಥ ಬೇರುಗಳಿಂದಲೇ.

ನೀರಿಗೆ ತಾರಸಿಯ ಲೆಕ್ಕ ನೋಡಿ. ಸಾವಿರ ಚದರಡಿ ತಾರಸಿಗೆ 700 ಮಿಲಿಮೀಟರ್ ಮಳೆ ಎಂದರೆ ಸುಮಾರು 65 ಸಾವಿರ ಲೀಟರ್. ಹರಿದು, ಆರಿ ಹೋದದ್ದನ್ನು ಕಳೆದರೂ 50 ಸಾವಿರ ಲೀಟರ್ ಸುಣ್ಣವಿಲ್ಲದ ನೀರು. ನಿಮ್ಮ ನೂರು ಚದರಡಿಗೆ ಕಡು ಬೇಸಿಗೆಯಲ್ಲೂ ದಿನಕ್ಕೆ ಮೂರು ನಾಲ್ಕು ಬಿಂದಿಗೆ ಸಾಕು. ನೆಲದೊಳಗಿನ ತೊಟ್ಟಿಗೆ (ಸಂಪ್) ಮಳೆನೀರು ತಿರುಗಿಸಿದ್ದರೆ ಗಿಡಕ್ಕೆ ಅದನ್ನೇ ಕೊಡಿ.

ಇನ್ನು ಕೋತಿ. ಅಂತರಗಂಗೆಯಲ್ಲಿ ಭಕ್ತರು, ಪ್ರವಾಸಿಗರು ಕೊಡುವ ಬಾಳೆಹಣ್ಣು, ಪುರಿ ತಿಂದು ಬೆಳೆದ ಹಿಂಡುಗಳಿವೆ. ಮನುಷ್ಯನ ಕೈಯಲ್ಲಿ ಚೀಲ ಕಂಡರೆ ಊಟ ಎಂದು ಅವಕ್ಕೆ ಗೊತ್ತು. ಇಂಥ ಕೋತಿಗೆ ಬೆದರು ಬೊಂಬೆ, ಹುಲಿ ಗೊಂಬೆ, ಕನ್ನಡಿ, ಸಿಡಿ ತೂಗುಹಾಕುವುದು, ಇವೆಲ್ಲ ಕೆಲವು ದಿನದ ಆಟ. ಏನೂ ಆಗುವುದಿಲ್ಲ ಎಂದು ತಿಳಿದ ಮೇಲೆ ಅದೇ ಗೊಂಬೆಯ ತಲೆ ಮೇಲೆ ಕೂತು ಟೊಮೆಟೊ ತಿನ್ನುತ್ತವೆ. ಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯ ಮಳೆ, ನೀರಿಗೆ ತೊಳೆದುಹೋಗುತ್ತದೆ. ಕಾಯಿಗೆ ಸಿಂಪಡಿಸಿದ್ದನ್ನು ಕೊನೆಗೆ ತಿನ್ನುವವರೂ ನೀವೇ. ನೀವು ಕೇಳಿದ ಔಷಧಿ ಬೇಡ ಎಂದದ್ದು ಇದಕ್ಕೇ. ಪಟಾಕಿಗೆ ಓಡುತ್ತವೆ, ಮತ್ತೆ ಬರುತ್ತವೆ. ಮನೆಯಲ್ಲಿ ನಾಯಿ ಇದ್ದರೆ ಅದು ಎದ್ದಿರುವಷ್ಟು ಹೊತ್ತು ಉಪಯೋಗ.

ಉಳಿಯುವುದು ಪಂಜರ. ಕೋಳಿ ಜಾಲರಿ ಸಾಲದು, ಕೋತಿ ಎಳೆದು ಹರಿಯುತ್ತದೆ. ನೈಲಾನ್ ಬಲೆಯನ್ನು ಕಚ್ಚಿ ತೂತು ಮಾಡುತ್ತದೆ. ಕಬ್ಬಿಣದ ಆಂಗಲ್ ಅಥವಾ ಜಿಐ ಪೈಪಿನ ಚೌಕಟ್ಟು ಮಾಡಿಸಿ ಒಂದು ಇಂಚಿನ ವೆಲ್ಡ್ ಮೆಶ್ (ತಂತಿ ಬೆಸೆದ ಗಟ್ಟಿ ಜಾಲರಿ) ಹಾಕಿಸಿ. ಒಳಗೆ ನೀವು ನೆಟ್ಟಗೆ ನಿಂತು ಕೆಲಸ ಮಾಡುವಂತಿರಬೇಕು, ಆರೂವರೆ ಅಡಿ ಎತ್ತರ ಇರಲಿ. ಈ ವಯಸ್ಸಿನಲ್ಲಿ ಬಗ್ಗಿ ಒಳಗೆ ಹೋಗುವ ಗೂಡು ಮಾಡಿಸಿಕೊಂಡರೆ ತಿಂಗಳಲ್ಲಿ ಬೇಜಾರಾಗುತ್ತದೆ. ಬುಡದಲ್ಲಿ ಮೆಶ್ ನೆಲ ಮುಟ್ಟಿದರೆ ಸಾಲದು. ಅದೇ ಮೆಶ್‌ನ ಒಂದು ಅಡಿ ಅಗಲದ ಪಟ್ಟಿಯನ್ನು ಹೊರಮುಖವಾಗಿ ನೆಲದ ಮೇಲೆ ಹಾಸಿ, ಕಲ್ಲು ಮಣ್ಣು ಹೇರಿ. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ಶುರು ಮಾಡುತ್ತದೆ, ಅಲ್ಲಿ ಕಬ್ಬಿಣ ಸಿಕ್ಕಿದರೆ ಬಿಟ್ಟುಹೋಗುತ್ತದೆ. ಬಾಗಿಲಿಗೆ ಬರೀ ಚಿಲಕ ಬೇಡ. ಕೋತಿ ಅದನ್ನು ತೆಗೆಯಲು ಬೇಗ ಕಲಿಯುತ್ತದೆ. ಕೊಂಡಿಗೆ ಒಂದು ಸಣ್ಣ ಬೀಗ ಹಾಕಿ.

ಖರ್ಚು ಸ್ವಲ್ಪ ಜಾಸ್ತಿಯೇ. ಊರಿನ ಇಬ್ಬರು ಮೂವರು ವೆಲ್ಡಿಂಗ್‌ನವರಲ್ಲಿ ದರ ಕೇಳಿ. ಆದರೆ ಒಂದು ಸಲದ ಖರ್ಚು. ಮಾರ್ಚ್‌ನಿಂದ ಮೇವರೆಗೆ ಅದರ ಮೇಲೆಯೇ ಶೇಕಡ 35ರಿಂದ 50ರ ನೆರಳು ಬಲೆ ಕಟ್ಟಬಹುದು. ಬಿಸಿಲಿಗೆ ಬಾಡುವ ಕೊತ್ತಂಬರಿ, ಪಾಲಕ್ ಆಗಲೂ ಬರುತ್ತದೆ. ಹಾಗಲದ ಬಳ್ಳಿಯನ್ನು ಪಂಜರದ ಹೊರಮೈಗೆ ಹಬ್ಬಿಸಿ. ಕಹಿಗೆ ಕೋತಿ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ನವಿಲಿಗೂ ಇದೇ ಪಂಜರ ಸಾಕು. ಹೊರಗಿನ ಎಳೆ ಸಸಿಗೆ ಮಾತ್ರ ಬೇರೆ ಉಪಾಯ ಬೇಕು. ನವಿಲು ಕುಕ್ಕುವುದು ಹೆಚ್ಚಾಗಿ ಬಿತ್ತಿದ ಬೀಜ, ಮೊಳಕೆ, ಎಳೆ ಸೊಪ್ಪು. ಜಾಲಿ ಮುಳ್ಳಿನ ಟೊಂಗೆಯನ್ನು ಸಾಲಿನ ಮೇಲೆ ಹರಡಿ, ಗಿಡ ಗೇಣುದ್ದ ಆದ ಮೇಲೆ ತೆಗೆಯಿರಿ. ಹಕ್ಕಿ ಬಲೆ ಹಾಕಲೇಬೇಕು ಅನ್ನಿಸಿದರೆ ಬಿಗಿಯಾಗಿ, ನೆಲದಿಂದ ಒಂದು ಅಡಿ ಮೇಲೆ ಕಟ್ಟಿ. ನೆಲಕ್ಕೆ ಜೋತುಬಿದ್ದ ನೈಲಾನ್ ಬಲೆಗೆ ಕೇರೆ ಹಾವು ಸಿಕ್ಕಿ ಸಾಯುತ್ತದೆ. ನಿಮ್ಮ ಹೆಗ್ಗಣ, ಇಲಿಯನ್ನು ಪುಕ್ಕಟೆಯಾಗಿ ಹಿಡಿಯುವುದು ಅದೇ ಹಾವು, ಗೂಬೆ. ಇಲಿ ಪಾಷಾಣ ಇಟ್ಟರೆ ಸತ್ತ ಇಲಿ ತಿಂದು ಅವೂ ಸಾಯುತ್ತವೆ. ಆಮೇಲೆ ಇಲಿಗೆ ಹೇಳುವವರು ಕೇಳುವವರು ಇರುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕೋತಿ, ನವಿಲು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ವಿಷ ಇಡುವುದು, ಉರುಳು ಹಾಕುವುದು, ಹಿಡಿದು ಬೇರೆ ಕಡೆ ಬಿಡುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಕಾಟ ಮಿತಿಮೀರಿದರೆ ಲೇಔಟಿನವರೆಲ್ಲ ಸೇರಿ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಬೇಲಿಗೆ ಮನೆಯ ಕರೆಂಟ್ ಕೊಡುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಅಪರಾಧ, ಪಕ್ಕದ ಮನೆ ಮಗು ಸತ್ತೀತು. ಕೋತಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ಚುಚ್ಚುಮದ್ದು ಬೇಕಾಗುತ್ತದೆ.

'ಕೋತಿಗೂ ಒಂದು ಪಾಲು ಇರಲಿ' ಎಂದು ಸೀಬೆ, ಪಪ್ಪಾಯ ಬಿಟ್ಟುಕೊಡುವವರಿದ್ದಾರೆ. ಒಳ್ಳೆಯ ಮನಸ್ಸು. ಆದರೆ ಸೈಟಿನೊಳಗೆ ಹಣ್ಣಿನ ಮರ ಇದ್ದರೆ ಇಡೀ ಹಿಂಡಿಗೆ ನಿಮ್ಮ ವಿಳಾಸ ಕೊಟ್ಟ ಹಾಗೆ. ಹಣ್ಣಿನ ಜೊತೆ ಹೆಂಚು, ಡಿಶ್ ವೈರು, ಒಣಹಾಕಿದ ಹಪ್ಪಳವೂ ಹೋಗುತ್ತದೆ. ಕೋತಿಗೆ ಅತ್ತಿ, ಆಲ, ನೇರಳೆ ಬೆಳೆಸಬೇಕಾದ್ದು ಬೆಟ್ಟದಲ್ಲಿ, ಗೋಮಾಳದಲ್ಲಿ. ನಿಮ್ಮ ಪಪ್ಪಾಯ ಗಿಡಗಳನ್ನು ತೆಗೆಸಿಬಿಡಿ ಎನ್ನುವೆ. ಹಾಗೆಯೇ ತಾರಸಿಗೆ ತಾಗುವ ಯಾವ ಕೊಂಬೆಯನ್ನೂ ಉಳಿಸಬೇಡಿ.

ಪಂಜರದ ಹೊರಗೆ ಏನು ಹಾಕಬಹುದು? ಕರಿಬೇವು, ನಿಂಬೆ, ಮಜ್ಜಿಗೆಹುಲ್ಲು, ದೊಡ್ಡಪತ್ರೆ, ಅರಿಶಿನ, ಶುಂಠಿ, ಸುವರ್ಣಗಡ್ಡೆ, ಕೆಸು. ಇವುಗಳಲ್ಲಿ ಹೆಚ್ಚಿನವು ಘಾಟು, ಕೆಲವು ತುರಿಕೆ. ಬೇಲಿ ಸಾಲಿಗೆ ಕವಳೆ ಹಾಕಿದರೆ ಮುಳ್ಳೂ ಆಯಿತು, ಉಪ್ಪಿನಕಾಯಿಗೆ ಕಾಯಿಯೂ ಆಯಿತು. ಹೂವಿಗೆ ಮಲ್ಲಿಗೆ, ಕನಕಾಂಬರ. ದಾಸವಾಳದ ಮೊಗ್ಗನ್ನು ಕೋತಿ ತಿನ್ನುತ್ತದೆ. ನುಗ್ಗೆ ಗರಸಿನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಬೇಸಿಗೆಯಲ್ಲಿ ಅದರ ಚಿಗುರು, ಹೂವಿಗೂ ಬರುತ್ತವೆ. ಒಂದು ಮರ ಇರಲಿ, ಮನೆಯಿಂದ ದೂರ. ಕೋತಿ ಮುಟ್ಟದ ಗಿಡ ಎಂದು ಗ್ಯಾರಂಟಿ ಕೊಡುವಂಥದ್ದು ಯಾವುದೂ ಇಲ್ಲ. ಹಸಿದ ವರ್ಷ ಕಿತ್ತು ನೋಡಿ ಎಸೆಯುತ್ತವೆ. ಇವೆಲ್ಲ ಮತ್ತೆ ಚಿಗುರುವ ಗಿಡಗಳು, ನಷ್ಟ ಕಡಿಮೆ. ಪ್ರತಿ ಗಿಡಕ್ಕೆ ಒಂದೂವರೆ ಅಡಿ ಗುಣಿ ತೆಗೆಸಿ, ಒಳಗಿನ ಮಿಶ್ರಣವನ್ನೇ ಒಂದೆರಡು ಮಂಕರಿ ಹಾಕಿದರೆ ಸಾಕು.

ಪಂಜರದೊಳಗಿನ ಜಾಗ ದುಬಾರಿ. ಅದನ್ನು ಟೊಮೆಟೊಗೆ ಕೊಡಬೇಡಿ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಲಾರಿಗಟ್ಟಲೆ ಟೊಮೆಟೊ ಬರುವ ಮಾರುಕಟ್ಟೆ ನಿಮ್ಮೂರಿನಲ್ಲೇ ಇದೆ. ಸುತ್ತ ಹೊಲಗಳಲ್ಲೆಲ್ಲ ಅದೇ ಬೆಳೆ ಇರುವುದರಿಂದ ಬಿಳಿನೊಣ, ಎಲೆ ಮುದುಡು ರೋಗ ನಿಮ್ಮ ಎರಡು ಗಿಡಕ್ಕೂ ಬರುತ್ತದೆ. ಬೇಕೇ ಬೇಕು ಅಂದರೆ ಎಲೆ ಮುದುಡು ವೈರಸ್ ತಡೆಯುವ 'ಅರ್ಕಾ ರಕ್ಷಕ್' ಹಾಕಿ. ಒಳಗೆ ದಂಟು, ಮೆಂತ್ಯ, ಕೊತ್ತಂಬರಿ, ಪಾಲಕ್, ನಾಲ್ಕು ಬದನೆ ಇರಲಿ.

ಮತ್ತೆ ಅವರೆ. ಕೋಲಾರದವರಿಗೆ ಅವರೆ ಬಿಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ನಾಟಿ ಅವರೆ ಬಳ್ಳಿ ಉದ್ದ ಹಬ್ಬುತ್ತದೆ. ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ತಿಂಗಳುಗಟ್ಟಲೆ ಪಂಜರ ತುಂಬಿಕೊಂಡಿರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಗಿಡ್ಡ ತಳಿ. ಯಾವ ಕಾಲದಲ್ಲಿ ಹಾಕಿದರೂ ಹೂ ಬಿಡುತ್ತದೆ, ಬೇಗ ಮುಗಿಯುತ್ತದೆ. ಸೊಗಡು ನಾಟಿಯಷ್ಟಿಲ್ಲ ಎನ್ನುವವರಿದ್ದಾರೆ. ಸಂಕ್ರಾಂತಿ ಹೊತ್ತಿಗೆ ಕಾಯಿ ಬರುವಂತೆ ಅಕ್ಟೋಬರ್‌ನಲ್ಲಿ ಬಿತ್ತಿ. ಚಳಿ, ಇಬ್ಬನಿಯಲ್ಲಿ ಬಲಿತರೆ ಸಾರಿಗೆ ಕಡಿಮೆಯೇನೂ ಆಗದು. ಬೇರಿನ ಗಂಟುಗಳು ಮಣ್ಣಿಗೆ ಸಾರಜನಕ ಕೂಡಿಸುತ್ತವೆ, ಆದ್ದರಿಂದ ಕೊಯ್ಲಾದ ಮೇಲೆ ಗಿಡ ಕೀಳದೆ ಬುಡಕ್ಕೆ ಕತ್ತರಿಸಿ.

ಇಷ್ಟಕ್ಕೆ ಕೈ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಟಮಕದ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ. ಮಡಿ ಮಾಡುವ ಜಾಗದ ಐದಾರು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಕಟ್ಟಿ. ಗೊಬ್ಬರದ ಹಳೆ ಚೀಲದಲ್ಲಿ ಬೇಡ, ಫಲಿತಾಂಶ ತಪ್ಪುತ್ತದೆ. ಜೊತೆಗೆ ಬೋರ್‌ವೆಲ್ ನೀರನ್ನೂ ಒಂದು ಲೀಟರ್ ತೊಳೆದ ಬಾಟಲಿಯಲ್ಲಿ ಒಯ್ಯಿರಿ. ರಸಸಾರ (ಪಿಎಚ್) 7.5 ದಾಟಿದ್ದರೆ ಚೀಟಿ ತೋರಿಸಿ ಗಂಧಕ ಎಷ್ಟು ಹಾಕಬೇಕು ಎಂದು ಅಲ್ಲೇ ಕೇಳಿಕೊಂಡು ಬನ್ನಿ.